ಒಟ್ಟೆಕಿಚ್ಚಿಗೆ ಹಕಾರ ಬೇಕಿಲ್ಲ

ಅಥವಾ ಅವಳು ಬಂದದ್ದು ಸೊಪ್ಪು ಕಟ್ಟುವ ಕಾಲದಲ್ಲಿ ಅಲ್ಲವೇ ಅಲ್ಲವೇನೋ. ನನ್ನ ಕಣ್ಣಿಗೆ ಮಾತ್ರ ಹಾಗೇ ಕಾಣುತ್ತದೆ: ಅಂಗಳದ ತುಂಬ ಹಸಿ ಹೊಗೆಸೊಪ್ಪಿನ ರಾಶಿ, ಅದರ ಸುತ್ತ ಕಾಲು ಚಾಚಿ ಕೂತ ಹೆಂಗಸರು, ಬೀದಿ ಬಾಗಿಲಲ್ಲಿ ಅವ್ವನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಅವಳ ಬೆನ್ನಿಗೆ ಅಂಟಿಕೊಂಡಂತೆ ಮಗಳು ಹೇಮ. ಹೇಮಳ ಕಾಲಿಗೆ ಬಿಳಿ ಕಾಲುಚೀಲ. ಸೊಪ್ಪಿನ ಅಂಟು ಮೆತ್ತಿದ ನೆಲದ ಮೇಲೆ ಎಲ್ಲಿ ಹೆಜ್ಜೆಯಿಡುವುದೆಂದು ತಿಳಿಯದೆ ಆ ಕಾಲುಗಳು ನಿಂತಿವೆ. ಇಷ್ಟು ಚೆನ್ನಾಗಿ ಕಾಣುವುದರಿಂದಲೇ ನನಗೆ ಅನುಮಾನ. ಹೇಮ ನಮ್ಮ ಶಾಲೆಗೆ ಸೇರಿದ್ದು ಬೇಸಿಗೆ ರಜೆ ಮುಗಿದ ಮೇಲೆ, ಜೂನ್‌ನಲ್ಲಿ. ಜೂನ್‌ನಲ್ಲಿ ಹೊಗೆಸೊಪ್ಪು ಹೊಲದಲ್ಲಿ ಇನ್ನೂ ಗೇಣುದ್ದದ ಸಸಿ. ಅಂಗಳದಲ್ಲಿ ರಾಶಿ ಇರಲು ಸಾಧ್ಯವೇ ಇಲ್ಲ. ಹಾಗಾದರೆ ನಾನು ಎರಡು ದಿನಗಳನ್ನು ಹೊಲಿದು ಒಂದು ಮಾಡಿದ್ದೇನೆ: ಅವಳು ನಮ್ಮ ಮನೆಗೆ ಬಂದ ದಿನ, ಮತ್ತು ಅವಳು ನನ್ನ ಜಾಗಕ್ಕೆ ಬಂದ ದಿನ. ಎರಡನೆಯದು ಸೊಪ್ಪಿನ ಅಂಗಳದಲ್ಲೇ ನಡೆದದ್ದು, ಅದರಲ್ಲಿ ತಪ್ಪಿಲ್ಲ. ಕಾಲುಚೀಲ ಮೊದಲನೆಯದಕ್ಕೆ ಸೇರಿರಬೇಕು.

ಇದನ್ನೆಲ್ಲ ಕೆದಕುವುದು ಎರಡು ಸಾಲಿನ ದೆಸೆಯಿಂದ. ನಾನು ರ‍್ಯಾಪ್ ಹಾಡುವವಳು. ಹಾಡುವವಳು ಅನ್ನುವುದೂ ಸರಿಯಲ್ಲ, ತಾಳಕ್ಕೆ ಮಾತಾಡುವವಳು. ಈ ಕಸುಬಿನಲ್ಲಿ ನನಗಿಂತ ವೇಗದ ನಾಲಿಗೆಯವರಿದ್ದಾರೆ, ನನಗಿಂತ ಚೆಂದದ ಮುಖದವರಿದ್ದಾರೆ, ಅವರ ಸರದಿ ನನಗಿಂತ ಮೊದಲು ಬಂದರೆ ನಾನು ಪರದೆಯ ಹಿಂದೆ ಚಪ್ಪಾಳೆಯ ಉದ್ದ ಅಳೆಯುತ್ತ ನಿಲ್ಲುತ್ತೇನೆ. ಆದರೂ ನನ್ನನ್ನು ಕರೆಯುತ್ತಾರೆ. ಕರೆದಲ್ಲೆಲ್ಲ ಜನ ಕೇಳುವುದು ಇದನ್ನೇ:

"ಅಕ್ಕಿ ಅಕ್ಕಿ ತಿಂತೈತೆ,
ಪಕ್ಕದ್ ಮನೆ ನೋಡ್ತೈತೆ."

ಹಕ್ಕಿ ಅಕ್ಕಿ ತಿನ್ನುತ್ತಿದೆ, ಪಕ್ಕದ ಮನೆಯವರು ನೋಡುತ್ತಿದ್ದಾರೆ, ಅಷ್ಟೇ. ನಮ್ಮ ಕಡೆಯ ನಾಲಿಗೆಗೆ ಹಕಾರ ಹತ್ತುವುದಿಲ್ಲವಾದ್ದರಿಂದ ಹಕ್ಕಿಯೂ ಅಕ್ಕಿ, ಅಕ್ಕಿಯೂ ಅಕ್ಕಿ. ಅಕ್ಕಿಯೇ ಅಕ್ಕಿಯನ್ನು ತಿನ್ನುವ ಗಮ್ಮತ್ತಿಗೆ ಜನ ನಗುತ್ತಾರೆ. ಪಕ್ಕದ ಮನೆಗೆ ಬರುವಾಗ ಆ ನಗು ಸ್ವಲ್ಪ ಬೇರೆಯಾಗುತ್ತದೆ. ಈ ಎರಡು ಸಾಲಿನ ಮೇಲೆ ನನ್ನ ಬದುಕು ಕೂತಿದೆ. ಇದು ನನ್ನದು ಎಂದು ಎಲ್ಲರೂ ತಿಳಿದಿದ್ದಾರೆ. ಅಜ್ಜಿಯದು ಎಂದು ಒಮ್ಮೊಮ್ಮೆ ನಾನೇ ಹೇಳಿದ್ದೇನೆ. ಹೇಮಳದು ಇರಬಹುದೆಂಬ ಯೋಚನೆ ಮಾತ್ರ ಹಲ್ಲುಸಂದಿಗೆ ಸಿಕ್ಕ ನಾರಿನಂತೆ ಎಷ್ಟು ಕಿತ್ತರೂ ಹೋಗದೆ ಉಳಿದಿದೆ.

ನಮ್ಮ ಮನೆ ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ಇತ್ತು. ಮುಂದೆ ಅಂಗಳ, ಆಮೇಲೆ ಹಜಾರ, ಹಜಾರದ ಎಡಕ್ಕೆ ಅಪ್ಪ ಗೊಬ್ಬರದ ಚೀಲ ಜೋಡಿಸಿದ್ದ ಕೋಣೆ, ಬಲಕ್ಕೆ ಅಡುಗೆಮನೆ. ಹಿಂದೆ ಕತ್ತಲೆಯ ನಡುಮನೆ, ಅಲ್ಲಿ ನನ್ನ ಎತ್ತರದ ಮಣ್ಣಿನ ವಾಡೆಗಳಲ್ಲಿ ರಾಗಿ. ಆ ಮನೆಯಲ್ಲಿ ಎಲ್ಲಿ ನಿಂತರೂ ಕೇಳಿಸುತ್ತಿದ್ದದ್ದು ಅಪ್ಪನ ತಾಯಿಯ, ನನ್ನ ಅಜ್ಜಿಯ ಬಾಯಿ. ಹಜಾರದ ಕಂಬಕ್ಕೆ ಒರಗಿ ಕೂತರೆ ಅವಳಿಗೆ ಬೀದಿಯೂ ಕಾಣುತ್ತಿತ್ತು, ಒಲೆಯೂ ಕಾಣುತ್ತಿತ್ತು, ಎರಡಕ್ಕೂ ಒಂದೊಂದು ಮಾತು ತಪ್ಪುತ್ತಿರಲಿಲ್ಲ. ಪಕ್ಕದ ಮನೆಯ ಪುಟ್ಟಮ್ಮನ ಕೋಳಿಗಳು ಮೋಟುಗೋಡೆ ಹಾರಿ ಬಂದಾಗ ಜಗಳ. ಸಿಟ್ಟಿನ ಜಗಳವಲ್ಲ ಅದು. ಇಬ್ಬರೂ ಮುಖ ತೊಳೆದು ತಲೆ ಬಾಚಿಕೊಂಡು ಗೋಡೆಯ ಬಳಿ ಬರುತ್ತಿದ್ದರು ಎಂದು ನನ್ನ ನೆನಪು, ಇದು ಉತ್ಪ್ರೇಕ್ಷೆಯೂ ಇರಬಹುದು. ಅಜ್ಜಿ ಒಂದು ಜಗಳದಲ್ಲಿ ಬಳಸಿದ ಬೈಗುಳವನ್ನು ಮತ್ತೆ ಅದೇ ಜಗಳದಲ್ಲಿ ಬಳಸುತ್ತಿರಲಿಲ್ಲ. ಸೋತವಳು ಮೊದಲು ನಗುತ್ತಿದ್ದಳು. ಪುಟ್ಟಮ್ಮನೇ ನಗುತ್ತಿದ್ದದ್ದು. ಒಳಗೆ ಬಂದು ನೀರು ಕುಡಿದು ಅಜ್ಜಿ ನನ್ನ ಗಲ್ಲ ಹಿಡಿಯುತ್ತಿದ್ದಳು.

"ನನ್ ಬಾಯಿ ಈ ಮನೇಲಿ ಯಾರ್ಗಾರ ಬರ್ಬೇಕಲ್ಲ. ನಿಮ್ಮಪ್ಪಂಗ್ ಬರ್ಲಿಲ್ಲ, ಅದೊಂದು ಗೂಬೆ. ನಿಂಗ್ ಬತ್ತೈತೆ ಕಣ್ಮಗ."

ಅವಳಿಗೆ ಅದೊಂದು ಮುದ್ದಿನ ಮಾತು. ನಾನು ಅದನ್ನು ಹೊಲ ಬರೆದುಕೊಟ್ಟ ಹಾಗೆ ತೆಗೆದುಕೊಂಡೆ. ನನ್ನ ತಮ್ಮನಿಗೆ ಜಮೀನು ಬರುತ್ತದೆ, ನನಗೆ ಬಾಯಿ ಬರುತ್ತದೆ. ಎಂಟೋ ಒಂಬತ್ತೋ ವಯಸ್ಸಿಗೆ ಇದು ನನಗೆ ಪೂರ್ತಿ ಒಪ್ಪಿಗೆಯಾಗಿದ್ದ ಪಾಲು.

ಅಷ್ಟರಲ್ಲಿ ಹೇಮ ಬಂದಳು. ದೊಡ್ಡಮ್ಮ ಹಾಸನದಲ್ಲಿ ಶಾಲೆಯ ಮೇಡಂ. ಹೊಳೆನರಸೀಪುರಕ್ಕೆ ವರ್ಗವಾಗಿ ದಿನಾ ಬಸ್ಸಿನಲ್ಲಿ ಹೋಗಿ ಬರಬೇಕಾಯಿತು, ಹೊಟ್ಟೆಯಲ್ಲಿ ಇನ್ನೊಂದು ಮಗು ಬೇರೆ. ಅಲ್ಲಿ ಮನೆ ಸಿಕ್ಕುವ ತನಕ ದೊಡ್ಡ ಮಗಳು ತಂಗಿಯ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು. ಆ ತನಕ ಎನ್ನುವುದು ಎರಡೋ ಮೂರೋ ವರ್ಷವಾಯಿತು. ಹೇಮ ನನಗಿಂತ ಒಂದು ವರ್ಷ ದೊಡ್ಡವಳು. ಅಜ್ಜಿ ನನ್ನ ಅಪ್ಪನ ತಾಯಿ, ಹೇಮಳಿಗೆ ಏನೂ ಆಗಬೇಕಿಲ್ಲ. ಈ ಲೆಕ್ಕ ನಾನು ಮೊದಲ ದಿನವೇ ಹಾಕಿದ್ದೆ.

"ಏನವ್ವ ನಿನ್ನೆಸ್ರು?"

"ಹೇಮ."

"ಏಮ. ಒಳ್ಳೇ ಎಸ್ರು."

"ಏಮ ಅಲ್ಲ ಅಜ್ಜಿ, ಹೇಮ."

"ಅದೇ ಕಣವ್ವ ನಾನೂ ಏಳಿದ್ದು, ಏಮ."

ಅಜ್ಜಿಗೆ ಅವಳು ತಿದ್ದಿದ್ದು ಕೇಳಿಸಲೇ ಇಲ್ಲ. ನನಗೆ ಕೇಳಿಸಿತು. ಆ ತನಕ ನಮ್ಮ ಬಾಯಿಯಲ್ಲಿ ಏನೋ ಒಂದು ಇಲ್ಲ ಎಂದು ನನಗೆ ಗೊತ್ತಿರಲಿಲ್ಲ. ಹೇಮ 'ಹಾಲು' ಅಂದರೆ ಹಾಲಿನ ಮುಂದೆ ಒಂದು ಸಣ್ಣ ಉಸಿರು ಬರುತ್ತಿತ್ತು, ಕನ್ನಡಿಗೆ ಊದಿದ ಹಾಗೆ. ನಾವು 'ಆಲು' ಕುಡಿಯುತ್ತಿದ್ದೆವು. ಅದೇ ಹಸು, ಅದೇ ಲೋಟ. ಆದರೂ ಅವಳ ಲೋಟದಲ್ಲಿ ಏನೋ ಹೆಚ್ಚಿಗೆ ಇದೆ ಎಂದು ನನಗೆ ಅನ್ನಿಸತೊಡಗಿತು.

ಮುದ್ದೆ ಅವಳಿಗೆ ನುಂಗಲು ಬರುತ್ತಿರಲಿಲ್ಲ. ಅಗಿಯುತ್ತಿದ್ದಳು. ಅಗಿದರೆ ಮುದ್ದೆ ಹಲ್ಲಿಗೆಲ್ಲ ಮೆತ್ತಿಕೊಂಡು ಕಣ್ಣಲ್ಲಿ ನೀರು. ಅಜ್ಜಿ ಎದುರು ಕೂತು ಸೊಪ್ಪಿನ ಸಾರಿನಲ್ಲಿ ತುತ್ತು ಹೊರಳಿಸಿ, "ಅಗಿಬ್ಯಾಡ ಕಣವ್ವ, ನುಂಗು, ಇಂಗೆ," ಎಂದು ತೋರಿಸಿ ತೋರಿಸಿ ಸೋತಳು. ಕೊನೆಗೆ ಹೇಮಳಿಗೆ ಎರಡು ಹೊತ್ತೂ ಅನ್ನ ಎಂದಾಯಿತು. ನಮ್ಮ ಮನೆಯಲ್ಲಿ ಅನ್ನ ಎಂದರೆ ಕೊನೆಯಲ್ಲಿ ಮಜ್ಜಿಗೆಗೆ ಒಂದು ಹಿಡಿ, ಇಲ್ಲವೇ ನೆಂಟರು ಬಂದಾಗ. ಹೇಮಳ ತಟ್ಟೆಯಲ್ಲಿ ದಿನವೂ ನೆಂಟರು ಬಂದ ಹಾಗಿತ್ತು. ನನಗೂ ಬೇಕು ಎಂದು ಕೇಳಲು ನಾನು ಕೆಲವು ದಿನ ತಯಾರಿ ನಡೆಸಿದೆ. ಅವಳ ಹಾಗೇ ಕೇಳಬೇಕು, ಆ ಉಸಿರು ಹಾಕಿ. ಎಲ್ಲರೂ ಊಟಕ್ಕೆ ಕೂತಿದ್ದಾಗ ಗಂಟಲು ಸರಿ ಮಾಡಿಕೊಂಡು ಕೇಳಿದೆ:

"ಅವ್ವಾ, ನಂಗೂ ಹನ್ನ ಆಕವ್ವ."

ಅಪ್ಪ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ.

"ಏನಂದ್ಲು ಇವ್ಳು? ಹನ್ನ?"

"ಹನ್ನ ಬೇಕಂತೆ ರಾಣಿಗೆ," ಅವ್ವ ಅಂದಳು. "ಆಸ್ನದೋರು ಬಂದ್ಮ್ಯಾಕೆ ನಮ್ಮನೇಲಿ ಅನ್ನ ಓಗಿ ಹನ್ನ ಆತು ನೋಡಿ."

ಎಲ್ಲರೂ ನಕ್ಕರು, ತಮ್ಮನೂ ನಕ್ಕ, ಅವನಿಗೆ ಏನೂ ತಿಳಿದಿರಲಿಲ್ಲ. ಹೇಮ ನಗಲಿಲ್ಲ. ಅದೇ ಕಷ್ಟವಾದದ್ದು. ಅವಳು ನನ್ನ ಕಡೆ ಬಾಗಿ, ಅವಳಮ್ಮ ಮಕ್ಕಳಿಗೆ ಹೇಳಿಕೊಡುವ ದನಿಯಲ್ಲಿ, "ಅನ್ನಕ್ಕೆ ಹ ಇಲ್ಲ, ಹಾಕು ಅನ್ನೋದಕ್ಕೆ ಇದೆ. ಅನ್ನ ಹಾಕು. ಹೇಳು," ಅಂದಳು. ನಕ್ಕಿದ್ದರೆ ಅವಳ ಜಡೆ ಎಳೆದು ಸರಿಮಾಡಿಕೊಳ್ಳುತ್ತಿದ್ದೆ. ಹೇಳಿಕೊಟ್ಟವಳ ಜಡೆ ಎಳೆಯುವುದು ಹೇಗೆ? ಆಮೇಲೆ ಒಂದು ವರ್ಷ ನನ್ನ ನಾಲಿಗೆ ಹದ ತಪ್ಪಿತು. ಆನೆಯನ್ನು ಹಾನೆ ಅಂದೆ, ಎಲೆಯನ್ನು ಹೆಲೆ ಅಂದೆ, ಅಂಗಡಿಗೆ ಹೋಗಿ ಬಾ ಅಂದರೆ ಹಂಗಡಿಗೆ ಓಗಿ ಬಂದೆ. ಹಕಾರ ಇದೆ ಎಂದು ಗೊತ್ತಾಗಿತ್ತು, ಎಲ್ಲಿದೆ ಎಂದು ಗೊತ್ತಾಗಿರಲಿಲ್ಲ. ಶಾಲೆಯಲ್ಲಿ ನನ್ನ ಹೆಸರೇ ಹನ್ನ ಎಂದಾಯಿತು.

ನಿಜವಾದ ಹೆಸರು ಅನಸೂಯ. ಅದಕ್ಕೂ ಹೇಮ ಅರ್ಥ ಹುಡುಕಿ ತಂದಳು. ಬಚ್ಚಲ ಒಲೆಗೆ ತೆಂಗಿನ ಗರಿ ಮುರಿಯುತ್ತಿದ್ದ ಅಜ್ಜಿಯ ಮುಂದೆ, ನಾನೂ ಅಲ್ಲೇ ಇದ್ದಾಗ ಹೇಳಿದಳು.

"ಅಜ್ಜಿ, ಅನಸೂಯ ಅಂದ್ರೆ ಅಸೂಯೆ ಇಲ್ಲದವಳು ಅಂತ. ನಮ್ಮ ಅಮ್ಮ ಹೇಳಿದ್ರು."

"ಅಸೂಯೆ ಅಂದ್ರೇನವ್ವ?"

"ಹೊಟ್ಟೆಕಿಚ್ಚು."

"ಓ, ಒಟ್ಟೆಕಿಚ್ಚಾ." ಅಜ್ಜಿ ಗರಿಯನ್ನು ಲಟ್ಟನೆ ಮುರಿದಳು. "ಅಂಗಾರೆ ಈ ಮಗೀಗೆ ಎಸ್ರು ತಪ್ಪಾಗ್ ಮಡಗವ್ರೆ ಕಣವ್ವ. ಇವಳ ಒಟ್ಟೇಲಿ ಒಂದು ಅಂಡೆ ನೀರು ಕಾಯ್ಸ್‌ಬೌದು."

ಇದು ಮನೆಯಲ್ಲಿ ಬಹಳ ದಿನ ನಡೆಯಿತು. ನೀರು ಕಾದಿದೆಯಾ ಎಂದು ಅಪ್ಪ ಕೇಳಿದರೆ, ಅನ್ಸಿ ಒಟ್ಟೆ ಮುಟ್ಟಿ ನೋಡಿ ಎಂದು ಅವ್ವ ಅನ್ನುವಳು. ನನ್ನ ಕಸುಬಿನವರು ಬಾಲ್ಯದಲ್ಲಿ ಹಸಿವಿತ್ತು, ಹೊಡೆತವಿತ್ತು ಎಂದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಸಿವಿರಲಿಲ್ಲ, ಯಾರೂ ನನ್ನನ್ನು ಹೊಡೆಯಲಿಲ್ಲ. ಹೇಳಿಕೊಳ್ಳುವಂಥದ್ದು ಇದೊಂದೇ, ಅದೂ ನಗುತ್ತ ನಗುತ್ತ ಆದದ್ದು.

ಈಗ ಅಂಗಳ. ಸೊಪ್ಪು ಮುರಿಯುವ ತಿಂಗಳುಗಳಲ್ಲಿ ಬೆಳಿಗ್ಗೆ ಹೊಲದಿಂದ ಬಂದ ಹಸಿ ಎಲೆಯನ್ನು ಸಂಜೆಯೊಳಗೆ ಕಡ್ಡಿಗೆ ಕಟ್ಟಿ, ಶಾಖದಲ್ಲಿ ಬೇಯಿಸುವ ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಏರಿಸಬೇಕು. ಹೆಂಗಸರು ಸಾಲಾಗಿ ಕೂತು ಕಡ್ಡಿಯ ಆ ಕಡೆ ಒಂದು ಜೊತೆ ಎಲೆ, ಈ ಕಡೆ ಒಂದು ಜೊತೆ ಎಲೆ, ನಡುವೆ ದಾರದ ಸುತ್ತು, ಮತ್ತೆ ಆ ಕಡೆ, ಈ ಕಡೆ, ಸುತ್ತು. ಕೈ ಅಂಟಾಗಿ ಕಪ್ಪಾಗುತ್ತದೆ, ಎಷ್ಟು ತೊಳೆದರೂ ಊಟದ ತುತ್ತು ಕಹಿ. ಆ ಕೈಗಳಿಗೆ ಒಂದು ಹಿಡಿತ ಬಂದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಅಜ್ಜಿ ಒಂದು ಮಾತು ಎಸೆಯುವಳು. ಯಾರ ಮೇಲೆ ಬಿತ್ತೋ ಅವರು ತಮ್ಮ ಕಡ್ಡಿ ಮುಗಿಯುವುದರೊಳಗೆ ಅದೇ ಸದ್ದಿನಲ್ಲಿ ಉತ್ತರ ಕೊಡಬೇಕು. ಆಟಕ್ಕೆ ಹೆಸರಿರಲಿಲ್ಲ. ತಡವಾಗಿ ಬಂದ ಜಯಮ್ಮ ಎಂಬ ಕೂಲಿಯವಳಿಗೆ ಅಜ್ಜಿ ಎಸೆದದ್ದು ನನಗೆ ನೆನಪಿದೆ, ಅಥವಾ ಹೀಗೆ ಎಸೆದಿರಬೇಕು:

"ಬತ್ತೀನಿ ಅಂದೋಳು ಒತ್ತಾದ್ಮ್ಯಾಕ್ ಬಂದ್ಲು, ಕತ್ತೆತ್ತಿ ನೋಡಿದ್ರೆ ನೆತ್ತೀಗ್ ಬಂದೌನೆ ಸೂರಪ್ಪ."

ಜಯಮ್ಮ ಸೆರಗು ಸಿಕ್ಕಿಸಿಕೊಂಡು ಕೂರುತ್ತಲೇ ಕೊಟ್ಟಳು:

"ಎತ್ತೀಗ್ ಉಲ್ಲಾಕಿ ಅತ್ತೇಗ್ ಇಟ್ಟಾಕಿ ಬತ್ತಾ ಇದ್ರೆ, ನನ್ಗಿಂತ್ ಮುಂಚೆ ಬಿಸ್ಲೇ ಅತ್ತೈತೆ ಕಣಜ್ಜಿ."

ಎತ್ತಿಗೆ ಹುಲ್ಲು, ಅತ್ತೆಗೆ ಹಿಟ್ಟು. ಎರಡನೆಯ ಅಕ್ಷರ ಮತ್ತೆ ಮತ್ತೆ ಒಂದೇ ಬಡಿಯುತ್ತದೆ, ಕಡ್ಡಿಗೆ ಜೊತೆ ಜೊತೆ ಎಲೆ ಬಿದ್ದ ಹಾಗೆ. ಇದಕ್ಕೆ ಪ್ರಾಸ ಎನ್ನುತ್ತಾರೆಂದು ಆಮೇಲೆ ಕಾಲೇಜಿನಲ್ಲಿ ತಿಳಿಯಿತು. ಆಗ ತಿಳಿದದ್ದು ಹಕಾರ ಬಿದ್ದುಹೋದ ಬಾಯಿಗೆ ಈ ಆಟ ಸುಲಭ ಎಂಬುದು. ಹೊತ್ತು, ಎತ್ತು, ಹತ್ತು ಎಲ್ಲ ಒತ್ತು, ಎತ್ತು, ಅತ್ತು ಆಗಿ ಒಂದೇ ಮನೆಯ ಮಕ್ಕಳಾಗುತ್ತವೆ. ನಾನು ಎಲೆ ಎತ್ತಿಕೊಡುತ್ತ ಕೂರುತ್ತಿದ್ದೆ, ನಡುನಡುವೆ ಒಂದೊಂದು ಎಸೆಯುತ್ತಿದ್ದೆ, ಹೆಂಗಸರು "ಅಜ್ಜಿ ಮೊಮ್ಮಗ್ಳು ಕಣಮ್ಮ" ಅನ್ನುತ್ತಿದ್ದರು. ಹೇಮ ಬಂದ ಮೇಲೂ ಮೊದಮೊದಲು ಅಂಗಳ ನನ್ನದೇ. ಅವಳು ಹಜಾರದ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರುವಳು. ಆಮೇಲೆ ಪುಸ್ತಕ ಮಡಿಚಿಟ್ಟಳು. ಆಮೇಲೆ ಒಂದು ಮೆಟ್ಟಿಲು ಇಳಿದಳು. ಆಮೇಲೆ ನನ್ನ ಎದುರು ಕೂತು, ಅಜ್ಜಿಗೆ ಆ ಕಡೆಯಿಂದ ಎಲೆ ಎತ್ತಿಕೊಡತೊಡಗಿದಳು.

ಆ ಮಧ್ಯಾಹ್ನದ್ದು ನನ್ನ ಬಳಿ ಇಷ್ಟಿದೆ. ಅವ್ವ ಹಜಾರದ ಅಂಚಿನಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ, ಹೇಮಳ ರಾತ್ರಿಯ ಅನ್ನಕ್ಕೆ. ಒಲೆಯ ಮೇಲೆ ಏನೋ ಉಕ್ಕಿ ಎದ್ದು ಹೋಗುತ್ತಾಳೆ. ಗುಬ್ಬಚ್ಚಿಗಳು ಮೊರಕ್ಕೆ ಇಳಿಯುತ್ತವೆ. ಮೋಟುಗೋಡೆಯ ಮೇಲೆ ಪುಟ್ಟಮ್ಮನ ತಲೆ, ಇವರ ಮನೆಯಲ್ಲಿ ದಿನಾ ಅನ್ನ ಯಾಕೆ ಎಂದು ನೋಡುವ ತಲೆ. ಒಂದು ಹುಡುಗಿಯ ಗಂಟಲು ಆ ಎರಡು ಸಾಲನ್ನು ಹೇಳುತ್ತದೆ. ಅಜ್ಜಿ ನಕ್ಕ ರಭಸಕ್ಕೆ ತೊಡೆಯ ಮೇಲಿನ ಕಡ್ಡಿ ಜಾರಿ ಕಟ್ಟಿದ ಎಲೆಯೆಲ್ಲ ಕಳಚಿಕೊಳ್ಳುತ್ತದೆ. ಅವಳ ಅಂಟುಗೈ ಹತ್ತಿರದ ಒಂದು ತಲೆಯ ಮೇಲೆ ಹೋಗಿ ಕೂರುತ್ತದೆ. "ಇವ್ಳಿಗ್ ಬಂತು ಕಣ್ರೇ ನನ್ ಬಾಯಿ," ಅನ್ನುತ್ತಾಳೆ. ಆ ತಲೆಗೆ ಬಿಳಿ ರಿಬ್ಬನ್ನಿನ ಜಡೆ. ಆದರೆ ಶಾಲೆಗೆ ನಮ್ಮಿಬ್ಬರದೂ ಬಿಳಿ ರಿಬ್ಬನ್ನೇ. ನಾನು ಆ ಕೈಯನ್ನು ನೋಡುತ್ತಿದ್ದೇನೆ. ನನ್ನ ತಲೆಯ ಮೇಲೆ ಇದ್ದ ಕೈಯನ್ನು ನಾನು ನೋಡಿದ್ದು ಹೇಗೆ?

ತರ್ಕ ನನ್ನ ಪರವಾಗಿದೆ. ಅಜ್ಜಿ ಹೇಳಿರಲಾರಳು, ಅವಳಿಗೆ ಅಲ್ಲಿ ನಗುವಂಥದ್ದೇ ಇರಲಿಲ್ಲ. ಹಕ್ಕಿಯನ್ನು ಅಕ್ಕಿ ಎನ್ನುವುದು ಅವಳ ಮಟ್ಟಿಗೆ ಸರಿಯಾದ ಕನ್ನಡ, ಯಾರೋ ಒತ್ತಿ ಹೇಳಿದ್ದರಿಂದಲೇ ಅದು ಅವಳಿಗೆ ತಮಾಷೆಯಾಗಿ ಕೇಳಿಸಿತು. ಹೇಮ ಹೇಳಿರಲಾರಳು, ಅವಳ ನಾಲಿಗೆ ಹಕಾರವನ್ನು ಬಿಟ್ಟುಕೊಡುವಂಥದ್ದಲ್ಲ, ಅವಳು ಹೇಳಿದ್ದರೆ ಹಕ್ಕಿ ಅಕ್ಕಿ ತಿನ್ನುತ್ತಿತ್ತು, ಅದರಲ್ಲಿ ವಿಶೇಷವಿಲ್ಲ. ಎರಡರ ನಡುವೆ ಸಿಕ್ಕಿಕೊಂಡು ದಿನಾ ತಪ್ಪುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ನಾನೇ. ಎಷ್ಟೋ ವರ್ಷ ಈ ತರ್ಕವನ್ನು ನೆನಪಿನ ಜಾಗದಲ್ಲಿ ಕೂರಿಸಿಕೊಂಡು ಬದುಕಿದೆ. ನೆನಪು ಮಾತ್ರ ಹೊಟ್ಟೆಯಲ್ಲಿ ಉರಿಯುವುದನ್ನು ಬಿಡಲಿಲ್ಲ, ಮತ್ತು ಗೆದ್ದವಳಿಗೆ ಹೊಟ್ಟೆ ಉರಿಯಬೇಕಾದ ಕಾರಣವಿಲ್ಲ.

ಅದೇ ವರ್ಷವೋ ಮುಂದಿನ ವರ್ಷವೋ ತಾಲ್ಲೂಕಿನ ಶಾಲೆಗಳ ಕಂಠಪಾಠ ಸ್ಪರ್ಧೆಯಲ್ಲಿ ಹೇಮ ಮೊದಲು ಬಂದಳು. ಹಾಸನದಲ್ಲಿ ಜಿಲ್ಲೆಯದ್ದು. ಅಪ್ಪ, ನನ್ನನ್ನು ಒಂದು ಸಲವೂ ಹಾಸನಕ್ಕೆ ಕರೆದುಕೊಂಡು ಹೋಗದಿದ್ದ ಅಪ್ಪ, ಇಸ್ತ್ರಿ ಅಂಗಿ ಹಾಕಿ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಸಂಜೆ ಅವಳು ಒಂದು ಸ್ಟೀಲ್ ತಟ್ಟೆ ಹಿಡಿದು ಬಂದಳು. ಬಾಗಿಲಲ್ಲೇ ಅಜ್ಜಿ ನಿಲ್ಲಿಸಿದಳು, ಹಜಾರದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು, ಹಿಡಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ತಂದು ತಲೆಯ ಸುತ್ತ ನಿವಾಳಿಸತೊಡಗಿದಳು. ಎಷ್ಟೋ ಸಲ ಕೇಳಿದ ಮಾತೇ, ಆದರೆ ಅವತ್ತು ಅವಳು ಅದನ್ನು ಹೇಳಿದ್ದು ಜಗಳದ ಓಟದಲ್ಲಿ:

"ಓಗೋರ್ ಕಣ್ಣು, ಬರೋರ್ ಕಣ್ಣು, ನಾಯ್ ಕಣ್ಣು, ನರಿ ಕಣ್ಣು, ನೆಂಟ್ರ ಕಣ್ಣು, ನೆರೆಯೋರ್ ಕಣ್ಣು, ಒರಗ್ನೋರ್ ಕಣ್ಣು, ಒಳಗ್ನೋರ್ ಕಣ್ಣು, ಎಲ್ಲಾ ಸುಟ್ಟೋಗ್ಲಿ."

ಒಳಗಿನವರು ಎಂದರೆ ಯಾರು? ಅಪ್ಪ, ಅವ್ವ, ತಮ್ಮ, ನಾನು. ಮೊದಲ ಮೂವರು ನಗುತ್ತ ನಿಂತಿದ್ದರು. ಅಜ್ಜಿ ಹಿಡಿಯನ್ನು ಒಲೆಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೆ ಇಡೀ ಮನೆ ಕೆಮ್ಮಬೇಕು. ಘಾಟು ಬರದಿದ್ದರೆ ದೃಷ್ಟಿ ಜೋರಾಗಿದೆ ಎಂದು ಅರ್ಥ. ಯಾರೂ ಕೆಮ್ಮಲಿಲ್ಲ.

"ನೋಡಿದ್ರಾ, ಗಾಟೇ ಇಲ್ಲ. ಎಂತಾ ಕಣ್ಣು ಬಿದ್ದಿತ್ತೋ ಮಗೀಗೆ."

ನನಗೆ ಭಯವಾಯಿತು, ಅದರ ಜೊತೆಗೆ ಹೇಳಿಕೊಳ್ಳಲಾರದ ಒಂದು ಹೆಮ್ಮೆಯೂ ಆಯಿತು. ನನ್ನ ಕಣ್ಣಿಗೆ ಅಷ್ಟು ಶಕ್ತಿ. ಮೆಣಸಿನಕಾಯಿ ಸರಿಯಾಗಿ ಒಣಗಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ. ಆಗ ನಾನು ಒಲೆಯ ಬಳಿ ಹೋಗಿ ಅಜ್ಜಿಯ ಸೆರಗು ಹಿಡಿದೆ.

"ನಂಗೂ ತಗಿ ಅಜ್ಜಿ."

"ಏನ ತಗೀಲಿ?"

"ದಿಷ್ಟಿ."

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅದರಲ್ಲಿ ಕೆಡುಕಿರಲಿಲ್ಲ, ಮಗು ಏನೋ ಕೇಳುತ್ತಿದೆ ಎಂಬ ಮಮತೆಯೇ ಇತ್ತು.

"ನಿಂಗ್ಯಾರವ್ವ ದಿಷ್ಟಿ ಆಕ್ತಾರೆ? ಓಗು, ಕೈಕಾಲ್ ತೊಳ್ಕ."

ಹೊಳೆನರಸೀಪುರದಲ್ಲಿ ಮನೆ ಸಿಕ್ಕಿ ಹೇಮ ಹೋದಳು. ಹೋಗುವ ದಿನ ಅಜ್ಜಿ ಅತ್ತಳೋ ಇಲ್ಲವೋ ನನಗೆ ನೆನಪಿಲ್ಲ. ನಾನು ನಡುಮನೆಯಲ್ಲಿ ರಾಗಿ ವಾಡೆಯ ಹಿಂದೆ ಕೂತಿದ್ದೆ. ಮುಂದಿನ ಸೊಪ್ಪಿಗೆ ಅಂಗಳ ಮತ್ತೆ ನನ್ನದಾಯಿತು. ಅಜ್ಜಿ ಮಾತು ಎಸೆದಳು, ನಾನು ಕೊಟ್ಟೆ, ಆದರೆ ಎಸೆಯುವ ಮುಂಚೆ ಅವಳು ಒಮ್ಮೆ ಆ ಕಡೆ, ಖಾಲಿ ಕಡೆ, ನೋಡುತ್ತಿದ್ದಳು. ಇದು ನನ್ನ ಊಹೆ ಇರಬಹುದು. ಅವಳಿಗೆ ಆ ಕಡೆ ಕತ್ತು ನೋವಿತ್ತು ಎಂದು ಅವ್ವ ಹೇಳುತ್ತಾಳೆ. ನಾನು ಹಾಸನದಲ್ಲಿ ಪಿಯುಸಿ ಓದುವಾಗ ಅಜ್ಜಿ ತೀರಿಕೊಂಡಳು. ಆ ತನಕ ಕೇಳಬೇಕು ಎಂದು ತೋಚಲೇ ಇಲ್ಲ, ಯಾಕೆಂದರೆ ಆ ತನಕ ಆ ಸಾಲಿಗೆ ಬೆಲೆ ಇರಲಿಲ್ಲ.

ಹಾಸನದ ಹಾಸ್ಟೆಲಿನಲ್ಲಿ ರೂಮಿನ ಹುಡುಗಿಯ ವಾಕ್‌ಮನ್ನಿನಲ್ಲಿ ಒಂದು ಇಂಗ್ಲಿಷ್ ಕ್ಯಾಸೆಟ್ ಕೇಳಿದೆ. ದೂರದ ದೇಶದ ಒಬ್ಬ ಹೆಂಗಸು ಉಸಿರು ಬಿಡದೆ ಮಾತಾಡುತ್ತಿದ್ದಳು. ಒಂದು ಮಾತೂ ತಿಳಿಯಲಿಲ್ಲ. ಆದರೆ ಅವಳು ಮೋಟುಗೋಡೆಯ ಬಳಿ ನಿಂತಿದ್ದಾಳೆ, ಆ ಕಡೆ ಯಾರೋ ಇದ್ದಾರೆ, ಮೊದಲು ನಗುವವಳು ಇವಳಲ್ಲ ಎಂದು ತಿಳಿಯಿತು. ಕಾಲೇಜು ದಿನಾಚರಣೆಯಲ್ಲಿ ಒಬ್ಬ ಹುಡುಗ ಡೆಸ್ಕು ಬಡಿದ, ನಾನು ಅಜ್ಜಿಯ ಕಣ್ಣುಗಳ ಪಟ್ಟಿ ಶುರು ಮಾಡಿ, ಎಲ್ಲಿಗೋ ಹೋಗಿ, ತಡವರಿಸಿ, ಅಕ್ಕಿ ಅಕ್ಕಿ ತಿಂತೈತೆಗೆ ಬಂದು ನಿಂತೆ. ಹಿಂದಿನ ಸಾಲಿನ ಹುಡುಗರು "ಯಾರ್ದೋ ಅಜ್ಜಿ ಬೈತಾವ್ಳೆ ಕಣ್ಲಾ" ಎಂದು ಕೂಗಿ ಶಿಳ್ಳೆ ಹಾಕಿದರು. ಅವರು ನನ್ನನ್ನು ನೋಡುತ್ತಿದ್ದರು. ಅಷ್ಟು ಕಣ್ಣುಗಳು, ಎಲ್ಲ ನನ್ನ ಮೇಲೆ. ನಾನು ಇಳಿಯಲು ಮನಸ್ಸು ಬಾರದೆ ಅದೇ ಎರಡು ಸಾಲನ್ನು ಮತ್ತೆ ಮತ್ತೆ ಹೇಳಿದೆ. ಅದು ಹಾಗೇ ಪಲ್ಲವಿಯಾಯಿತು. ಆಮೇಲೆ ಬೆಂಗಳೂರು, ಆಮೇಲೆ ಸಣ್ಣ ಸ್ಟುಡಿಯೋ, ಗಣಪತಿ ಪೆಂಡಾಲುಗಳು, ಕಾಲೇಜುಗಳು. ಸ್ಟುಡಿಯೋದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಪಲ್ಲವಿ ಹೇಳಿದರೆ, ಗಾಜಿನ ಆ ಕಡೆ ಕೂತವನು ಕೈ ಎತ್ತಿದ.

"ಮೇಡಂ, ಹಕ್ಕಿ ಅಂತಿದೀರ. ಆ ಹ ಬೇಡ. ನಿಮ್ಮೂರ ಥರಾನೇ ಬರ್ಲಿ."

ನನಗೇ ತಿಳಿಯದೆ ಬೆಂಗಳೂರಿನಲ್ಲಿ ಹಕಾರ ನನ್ನ ನಾಲಿಗೆಗೆ ಸರಿಯಾಗಿ ಕೂತುಬಿಟ್ಟಿತ್ತು. ಅಷ್ಟು ವರ್ಷ ಕಾದದ್ದು ಬಂದಿತ್ತು, ಬಂದಾಗ ಬೇಡವಾಗಿತ್ತು. ಆ ಒಂದು ಅಕ್ಷರವನ್ನು ಬಿಡಲು ಅವತ್ತು ಮಧ್ಯಾಹ್ನವೆಲ್ಲ ಹಿಡಿಯಿತು. ಈಗಲೂ ವೇದಿಕೆಗೆ ಹೋಗುವ ಮುಂಚೆ ಮರೆಯಲ್ಲಿ ನಿಂತು ಆಲು, ಉಲ್ಲು, ಒತ್ತು ಎಂದು ನಾಲಿಗೆ ಪಳಗಿಸಿಕೊಳ್ಳುತ್ತೇನೆ.

ಹೇಮ ಓದಿ ಕನ್ನಡ ಟೀಚರಾದಳು, ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಹೋದಳು. ಹಾಸನದಲ್ಲಿ ನನ್ನದೊಂದು ಕಾರ್ಯಕ್ರಮ ಮುಗಿದ ಮರುದಿನ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಶ್ರವಣಬೆಳಗೊಳದ ರಸ್ತೆಯಲ್ಲಿ ಹೊಸ ತಾರಸಿ ಮನೆ, ಬಿಸಿಲಿಗೆ ಹಾಕಿದ ಚಾಪೆ, ಚಾಪೆಯ ಮೇಲೆ ನೀರಿನಲ್ಲಿ ನೆನೆದ ಅವರೆಕಾಳಿನ ಪಾತ್ರೆ. ದಪ್ಪಗಾಗಿದ್ದಳು, ಚೆನ್ನಾಗಿದ್ದಳು. ನನ್ನನ್ನು ನೋಡಿದ್ದೇ ಪಾತ್ರೆ ನಡುವೆ ಎಳೆದಳು.

"ಕೂತ್ಕೋ ಬಾರೆ. ಇತಕ್‌ಬೇಳೆ ಸಾರು ಮಾಡ್ತೀನಿ, ಕೈ ಆಡ್ಸು ನೀನೂವೆ."

ಇಬ್ಬರೂ ಕಾಳು ಹಿತುಕತೊಡಗಿದೆವು. ಬೆರಳಲ್ಲಿ ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾನು ಮೆಲ್ಲಗೆ ಕೇಳಿದೆ.

"ಹೇಮಕ್ಕ, ನಮ್ಮ ಮನೆ ಅಂಗಳದಲ್ಲಿ ಸೊಪ್ಪು ಕಟ್ಟುವಾಗ ಒಂದು ಆಟ ಆಡ್ತಿದ್ವಲ್ಲ, ನೆನಪಿದೆಯಾ?"

"ಯಾವಾಟನೇ?"

"ಅಜ್ಜಿ ಒಂದು ಮಾತು ಹೇಳೋದು, ನಾವು ಅದೇ ಸದ್ದಲ್ಲಿ ಉತ್ತರ ಕೊಡೋದು."

"ಅಜ್ಜಿ ಬೈತಿದ್ರು ಅಂತ ನೆನ್ಪೈತೆ. ಆಟ ಗೊತ್ತಿಲ್ಲಪ್ಪ. ನಂಗೆ ಆ ಮನೇಲಿ ನೆನ್ಪಿರೋದು ಒಂದೇ ಕಣೆ, ಬಸ್ಸಿನ್ ಸದ್ದು. ಸಂಜೆ ಬಸ್ಸು ಬಂದ್ರೆ ಅಮ್ಮ ಇಳೀತಾರೇನೋ ಅಂತ."

"ಅಕ್ಕಿ ಅಕ್ಕಿ ತಿಂತೈತೆ ಅನ್ನೋದು?"

"ಅದ್ ನಿನ್ನಾಡಲ್ವಾ. ನಮ್ ಸ್ಕೂಲ್ ಉಡುಗ್ರೆಲ್ಲ ಏಳ್ತವೆ. ನಮ್ ತಂಗಿದು ಅಂದ್ರೆ ನಂಬಲ್ಲ, ನೀವ್ ಬರೀ ಬೈಯೋರು ಮಿಸ್ ಅಂತವೆ."

"ಅದನ್ನ ಮೊದಲು ಹೇಳಿದ್ದು ನೀನಾ ಅಂತ ನನಗೆ ಅನುಮಾನ."

ಅವಳು ನಕ್ಕಳು. ಒಂದು ಕಾಳು ಒತ್ತಿದಳು, ಬೇಳೆ ಪಾತ್ರೆ ದಾಟಿ ಚಾಪೆಯ ಆಚೆ ಬಿತ್ತು.

"ನಾನ್ಯಾಕ್ ಏಳ್ಲಿ? ಇರ್ಬೌದೇನೋ. ಓಗ್ಲಿ ಬಿಡೆ, ಯಾರಂದ್ರೇನೀಗ."

ಆಡು, ಉಡುಗ್ರು, ಏಳ್ತವೆ, ಓಗ್ಲಿ. ನನ್ನ ಕಿವಿ ಆಗ ಎಚ್ಚೆತ್ತಿತು. ಹಕಾರವನ್ನು ಬಿಟ್ಟುಕೊಡಲಾರದ ನಾಲಿಗೆ ಎಂದು ನಾನು ಅಷ್ಟು ವರ್ಷ ನಂಬಿದ್ದೆನಲ್ಲ, ಆ ನಾಲಿಗೆ ಅದನ್ನು ಅವರೆಯ ಸಿಪ್ಪೆಯ ಹಾಗೆ ಒಂದೊಂದಾಗಿ ಬದಿಗೆ ಹಾಕುತ್ತಿತ್ತು.

"ನೀನು ಯಾವಾಗಿಂದ ಹೀಗೆ ಮಾತಾಡೋದು?"

"ಎಂಗೆ?" ಅಂದಳು ಹೇಮ.

ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಸೊಸೆಯಾಗಿ ಬಂದ ಮೇಲೆ ಅತ್ತೆಯ ಬಾಯಿಂದ ಅಂಟಿರಬಹುದು. ತರಗತಿಯಲ್ಲಿ ಸರಿಯಾಗಿಯೇ ಹೇಳುತ್ತಾಳಂತೆ, ಮನೆಗೆ ಬಂದರೆ ಹೀಗಂತೆ, ಗಂಡ ಅಡುಗೆಮನೆಯಿಂದ ಹೇಳಿದರು. ಅಥವಾ ಅವಳಿಗೆ ಇದು ಬಹಳ ಹಿಂದೆಯೇ ಬಂದಿರಬಹುದು. ನಾನು ಶಾಲೆಯಿಂದ ಬರುವ ಮುಂಚೆ, ಅಥವಾ ನಾನು ಅಂಗಡಿಗೆ ಹೋದಾಗ, ಅಜ್ಜಿಯೊಬ್ಬಳ ಜೊತೆ ಕೂತಾಗ ಅವಳೂ ಆಲು ಎಂದೇ ಅನ್ನುತ್ತಿದ್ದಿರಬಹುದು. ನಾನು ಕಾಸು ಕೊಟ್ಟು ಬಾಡಿಗೆ ಸ್ಟುಡಿಯೋದಲ್ಲಿ ಬೆವರು ಸುರಿಸಿ ಕಲಿತದ್ದು ಇವಳಿಗೆ ಪುಕ್ಕಟೆ ಬಂದಿದೆ, ಬಂದಿದೆ ಎಂಬ ಪರಿವೆಯೂ ಇಲ್ಲ. ಹಿಂದೆ ಅವಳಲ್ಲಿ ಇದ್ದದ್ದಕ್ಕೆ ಕರುಬಿದ್ದೆ. ಅವತ್ತು ಆ ಚಾಪೆಯ ಮೇಲೆ ಅವಳಲ್ಲಿ ಇಲ್ಲದ್ದಕ್ಕೆ ಕರುಬಿದೆ. ಸಾರು ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಆ ಎರಡು ಸಾಲನ್ನು ಮೊದಲು ಹೇಳಿದ್ದು ಯಾರೆಂದು ನನಗೆ ಗೊತ್ತಿಲ್ಲ. ಹೇಳಿದವಳು ಹೇಮಳೇ ಆಗಿದ್ದರೆ ಅವಳಿಗೆ ಅದು ನೆನಪಿಲ್ಲ, ಕೇಳಿದವರಲ್ಲಿ ಅಜ್ಜಿ ಈಗಿಲ್ಲ, ಜಯಮ್ಮ ಎಲ್ಲಿದ್ದಾಳೆಂದು ಯಾರಿಗೂ ತಿಳಿಯದು, ಪುಟ್ಟಮ್ಮನನ್ನು ಕೇಳಿದರೆ ಕೋಳಿಯ ವಿಷಯ ಹೇಳುತ್ತಾಳೆ. ಮುಂದಿನ ವಾರ ಹೊಳೆನರಸೀಪುರದಲ್ಲಿ ಕಾರ್ಯಕ್ರಮವಿದೆ, ಅಲ್ಲಿಯೂ ಕೇಳುತ್ತಾರೆ, ಹೇಳುತ್ತೇನೆ. ಅದು ನನ್ನದಲ್ಲ ಎಂದು ಒಂದು ದಿನ ತಿಳಿದರೆ ಹೇಳುವುದನ್ನು ಬಿಡುತ್ತೇನೆಯೇ ಎಂಬುದೂ ನನಗೆ ಗೊತ್ತಿಲ್ಲ.